ಹದಿನೆಂಟನೇ ಶತಮಾನದ ಇಟಲಿಯ ಬೀದಿ ನೋಡಬೇಕಾ? ಜೊಂಪೀನಿ, ವಾಸಿ, ಪಿರನೇಸಿ, ಕನಲೆಟ್ಟೊ: ಯಾರಿಂದ ಶುರು ಮಾಡೋದು

ಮೊದಲು ನನ್ನದೇ ಎಡವಟ್ಟು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ, ಹಾಲ್‌ನ ಗೋಡೆ ಬೋಳು ಕಾಣುತ್ತದೆ ಅಂತ ಆ ಕಾಲದ ಇಟಲಿಯ ಚಿತ್ರಕಾರ ಪಿರನೇಸಿಯ ಒಂದು ರೋಮ್ ಚಿತ್ರವನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು, ಮೂರಡಿ ಅಗಲಕ್ಕೆ ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿದೆ. ಮನೆಗೆ ತಂದು ಬಿಚ್ಚಿ ನೋಡಿದರೆ ಅಡುಗೆಮನೆಯ ಮಸಿಬಟ್ಟೆ! ಕೂದಲೆಳೆಯಷ್ಟು ಸಣ್ಣ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಪ್ಪು ಮುದ್ದೆಯಾಗಿದ್ದವು. ಅಂಗಡಿಯವನನ್ನು ಬೈಯುವ ಹಾಗೂ ಇರಲಿಲ್ಲ, ನಾನು ಕೊಟ್ಟ ಫೈಲೇ ಪುಟಾಣಿ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ನನಗೆ ಬೇಕಿದ್ದದ್ದು ಆ ಕಾಲದ ಜನ. ಸಾಮಾನು ಹೊರುವವರು, ಕೂಗಿ ಮಾರುವವರು, ಮೆಟ್ಟಿಲ ಮೇಲೆ ಕೂತು ಹರಟುವವರು. ನಾನು ದುಡ್ಡು ಕೊಟ್ಟು ತಂದದ್ದು ಕಲ್ಲು.

ಆಮೇಲೆ ಗೊತ್ತಾಯಿತು, ಈ ಗೊಂದಲ ನನ್ನೊಬ್ಬನದ್ದಲ್ಲ. ಇಟಲಿ ಪ್ರವಾಸ ಮುಗಿಸಿ ಬಂದವರು, ಚಿತ್ರ ಬರೆಯುವವರು, ಇತಿಹಾಸದ ಮೇಷ್ಟ್ರುಗಳು ಎಲ್ಲರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಆ ಕಾಲದ ಊರಿನ ಬದುಕು ಕಾಣುವ ಎಚಿಂಗ್‌ಗಳು ಸಾವಿರಾರಿವೆ. ಯಾರದ್ದನ್ನು ಕೂತು ನೋಡಲಿ, ಯಾರದ್ದನ್ನು ಗೋಡೆಗೆ ಹಾಕಲಿ, ಯಾರದ್ದಕ್ಕೆ ದುಡ್ಡು ಸುರಿಯಲಿ?

ಎಚಿಂಗ್ ಅಂದರೇನು ಅಂತ ಎರಡು ಮಾತು. ತಾಮ್ರದ ತಗಡಿಗೆ ಮೇಣದ ಲೇಪ ಹಚ್ಚುತ್ತಾರೆ. ಅದರ ಮೇಲೆ ಸೂಜಿಯಿಂದ ಬರೆದರೆ, ಬರೆದ ಕಡೆ ಮೇಣ ಎದ್ದು ತಾಮ್ರ ಕಾಣುತ್ತದೆ. ತಗಡನ್ನು ಆಸಿಡ್‌ನಲ್ಲಿಟ್ಟರೆ ಆ ಕಂಡ ತಾಮ್ರವನ್ನಷ್ಟೇ ಅದು ತಿನ್ನುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಗೆರೆ ಆಳ, ಕಾಗದದ ಮೇಲೆ ಕಡುಕಪ್ಪು. ಬೇಗ ತೆಗೆದರೆ ತೆಳು ಬೂದು. ಆಮೇಲೆ ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹೊದಿಸಿ ರೋಲರ್ ಕೆಳಗೆ ಒತ್ತಿ ತೆಗೆದರೆ ಅಚ್ಚು ರೆಡಿ. ಒಂದು ತಗಡಿನಿಂದ ನೂರಾರು ಅಚ್ಚು ಬರುತ್ತವೆ. ಆದರೆ ಒಂದೊಂದು ಅಚ್ಚಿಗೂ ತಗಡು ಚೂರು ಚೂರೇ ಸವೆಯುತ್ತದೆ. ಈ ಸವೆತವನ್ನು ನೆನಪಿಟ್ಟುಕೊಳ್ಳಿ, ದುಡ್ಡಿನ ಮಾತು ಬಂದಾಗ ಬೇಕಾಗುತ್ತದೆ.

ಯಾವುದರಿಂದ ಅಳೆಯೋದು?

ನನ್ನ ಮೊದಲ ಅಳತೆಗೋಲು ತುಂಬ ಸುಲಭದ್ದು. ಚಿತ್ರದ ಮೇಲ್ಭಾಗವನ್ನು ಕೈಯಿಂದ ಮುಚ್ಚಿ, ಕೆಳಗಿನ ಮೂರು ಬೆರಳು ಅಗಲದ ಪಟ್ಟಿಯನ್ನು ಮಾತ್ರ ನೋಡಿ. ಅಲ್ಲಿರುವವರು ಏನಾದರೂ ಮಾಡುತ್ತಿದ್ದಾರಾ? ಹೊರುತ್ತಿದ್ದಾರಾ, ತೂಗುತ್ತಿದ್ದಾರಾ, ಜಗಳ ಆಡುತ್ತಿದ್ದಾರಾ? ಇಲ್ಲ, ಹಿಂದಿನ ಕಟ್ಟಡ ಎಷ್ಟು ಎತ್ತರ ಅಂತ ತೋರಿಸಲು ಸುಮ್ನೆ ನಿಂತಿದ್ದಾರಾ? ಮುಕ್ಕಾಲು ಪಾಲು ನಗರ ಚಿತ್ರಗಳು ಇಲ್ಲೇ ಬಿದ್ದುಹೋಗುತ್ತವೆ.

ಎರಡನೆಯದು ನಂಬಿಕೆ. ಕಂಡದ್ದನ್ನು ಬರೆದಿದ್ದಾನಾ, ಹಿಗ್ಗಿಸಿದ್ದಾನಾ, ಕಟ್ಟುಕಥೆಯಾ? ಮೂರನೆಯದು ಜಾಗ. ಇದು ಊರಿನ ಯಾವ ಮೂಲೆ ಅಂತ ತಿಳಿಯುತ್ತಾ, ಇವತ್ತು ಹೋಗಿ ಅಲ್ಲೇ ನಿಲ್ಲಬಹುದಾ? ನಾಲ್ಕನೆಯದು ಗಾತ್ರ. ಕೈಯಲ್ಲಿ ಹಿಡಿದು ನೋಡುವುದೋ, ಸೋಫಾದಿಂದ ನೋಡುವುದೋ? ಕೊನೆಗೆ ದುಡ್ಡು. ಹೆಸರುವಾಸಿಯಾ ಅಲ್ಲವಾ ಅನ್ನುವುದನ್ನು ಬೇಕಂತಲೇ ಬಿಟ್ಟಿದ್ದೇನೆ. ನನ್ನ ಮಸಿಬಟ್ಟೆಗೆ ಕಾರಣ ಅದೇ.

ಜೊಂಪೀನಿ: ಊರಿಲ್ಲದ ಜನ

ಗಯೆಟಾನೊ ಜೊಂಪೀನಿ (1700–1778) ವೆನಿಸ್‌ನಲ್ಲಿ ಧಾರ್ಮಿಕ ಚಿತ್ರ ಬರೆದುಕೊಂಡಿದ್ದವನು. 1753ರಲ್ಲಿ ಅವನ ಎಚಿಂಗ್ ಮಾಲೆಯೊಂದು ಹೊರಬಂತು. ಹೆಸರನ್ನು ಕನ್ನಡದಲ್ಲಿ ಹೇಳಬೇಕಾದರೆ 'ವೆನಿಸ್ ನಗರದಲ್ಲಿ ಬೀದಿ ಬೀದಿ ತಿರುಗುವ ಕಸುಬುಗಳು'. ಒಟ್ಟು 60 ಚಿತ್ರ. ಒಂದೊಂದರಲ್ಲೂ ಒಂದೊಂದು ಕಸುಬು. ಸಾಣೆ ಹಿಡಿಯುವವನು, ಕುರ್ಚಿ ರಿಪೇರಿಯವನು, ಚಿಮಣಿ ಗುಡಿಸುವವನು, ರಾತ್ರಿ ಲಾಟೀನು ಹಿಡಿದು ಜನರನ್ನು ಮನೆ ಮುಟ್ಟಿಸುವವನು. ಚಿತ್ರದ ಕೆಳಗೆ ವೆನಿಸ್‌ನ ಆಡುಮಾತಿನಲ್ಲಿ ಮೂರು ಸಾಲಿನ ಪದ್ಯ, ಆ ಕಸುಬಿನವನೇ ಮಾತಾಡುತ್ತಿರುವ ಹಾಗೆ.

ಬೀದಿ ಕಸುಬುಗಳನ್ನು ಹೀಗೆ ಸಾಲಾಗಿ ಬರೆಯುವ ರೂಢಿ ಇಟಲಿಗೆ ಹೊಸದೇನಲ್ಲ. ಬೊಲೋನ್ಯಾದಲ್ಲಿ ಮಿತೆಲ್ಲಿ 1660ರಲ್ಲೇ ಮಾಡಿದ್ದ. ಜೊಂಪೀನಿಯ ವಿಶೇಷ ಇರುವುದು ಅವನ ಜನರ ಮೈಯಲ್ಲಿ. ಹೊರೆ ಹೊತ್ತವನ ಬೆನ್ನು ನಿಜಕ್ಕೂ ಬಾಗಿರುತ್ತದೆ. ಬಟ್ಟೆ ನಿಜಕ್ಕೂ ಹರಿದಿರುತ್ತದೆ. ಜನ ದೊಡ್ಡದಾಗಿ, ಚಿತ್ರದ ತುಂಬ ಇದ್ದಾರೆ. ಮೂರು ಬೆರಳಿನ ಪರೀಕ್ಷೆಯೇ ಇಲ್ಲಿ ಬೇಡ.

ಆ ಲಾಟೀನಿನವನನ್ನೇ ತಗೊಳ್ಳಿ. ವೆನಿಸ್‌ನಲ್ಲಿ ಅವನಿಗೆ ಕೊದೆಗಾ ಅಂತ ಹೆಸರು. ನಾಟಕ ಮುಗಿಸಿ, ಇಸ್ಪೀಟು ಮುಗಿಸಿ ಹೊರಬಂದವರಿಗೆ ಮುಂದೆ ಮುಂದೆ ದೀಪ ಹಿಡಿದು ನಡೆಯುವುದು ಅವನ ಕೆಲಸ. ಕಾಲು ಜಾರಿದರೆ ಕಾಲುವೆಗೇ ಬೀಳುವ ಊರಲ್ಲಿ ಇದು ಸಣ್ಣ ಕೆಲಸವಲ್ಲ. 1732ರಿಂದ ಸರ್ಕಾರವೇ ಬೀದಿ ದೀಪ ಹಾಕಿಸಲು ಶುರು ಮಾಡಿತ್ತು. ಅಂದರೆ ಜೊಂಪೀನಿ ಈ ಚಿತ್ರ ತರುವ ಹೊತ್ತಿಗೆ ಆ ಕಸುಬಿನ ಬುಡಕ್ಕೆ ಆಗಲೇ ನೀರು ಬಂದಿತ್ತು. ಇದು ಗೊತ್ತಿದ್ದು ನೋಡಿದರೆ ಚಿತ್ರದ ರುಚಿಯೇ ಬೇರೆ.

ಇನ್ನೊಂದು, ನನ್ನ ಅಚ್ಚುಮೆಚ್ಚಿನದ್ದು, 'ಮೊಂದೊ ನಿಯೋವೊ', ಹೊಸ ಪ್ರಪಂಚ. ಒಂದು ಪೆಟ್ಟಿಗೆ, ಅದಕ್ಕೊಂದು ಕಿಂಡಿ. ಕಣ್ಣು ಹಚ್ಚಿದರೆ ಒಳಗೆ ದೂರದೂರದ ಊರುಗಳು. ತಲೆಗೆ ಒಂದು ಸೊಲ್ದೊ (ಆಗಿನ ಚಿಲ್ಲರೆ ನಾಣ್ಯ) ಅಂತ ಪದ್ಯದಲ್ಲಿ ಅವನೇ ರೇಟು ಹೇಳುತ್ತಾನೆ. ಜಾತ್ರೆಯಲ್ಲಿ ಬಯಾಸ್ಕೋಪ್ ಪೆಟ್ಟಿಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಜಾ ಏನೆಂದರೆ, ಇಂಥ ಪೆಟ್ಟಿಗೆಯೊಳಗೆ ಇರುತ್ತಿದ್ದದ್ದೂ ತಗಡಿನಿಂದ ಅಚ್ಚಾದ ನಗರ ಚಿತ್ರಗಳೇ, ಬಣ್ಣ ಬಳಿದವು. ವೆನಿಸ್ ಸೀಮೆಯ ಬಸ್ಸಾನೊ ಊರಿನ ರೆಮೊಂಡೀನಿ ಮನೆತನದವರು ಇವನ್ನು ಅಗ್ಗದಲ್ಲಿ ಅಚ್ಚು ಹಾಕುತ್ತಿದ್ದರು. ತೆಸೀನೊ ಕಣಿವೆಯ ಜನ ಆ ಮನೆತನದ ಚಿತ್ರಗಳನ್ನು ಬೆನ್ನಿಗೆ ಕಟ್ಟಿಕೊಂಡು ಯುರೋಪ್ ತುಂಬ ನಡೆದೇ ಮಾರುತ್ತಿದ್ದರು.

ಸರಿ, ಜೊಂಪೀನಿಯಲ್ಲಿ ಕೊರತೆ ಏನು? ಊರು. ಹಿಂದೆ ಒಂದು ಗೋಡೆ, ಒಂದು ಬಾಗಿಲು, ಹೆಚ್ಚೆಂದರೆ ಒಂದು ಚೂರು ಸೇತುವೆ. ಯಾವ ಓಣಿ ಅಂತ ಕೇಳಿದರೆ ಉತ್ತರವಿಲ್ಲ. ಗದ್ದಲವೂ ಇಲ್ಲ. ಒಬ್ಬ, ಇಬ್ಬರು, ನಾಲ್ವರು, ಅಷ್ಟೇ. ಸಂತೆಯ ನೂಕುನುಗ್ಗಲು ಬೇಕು ಅನ್ನುವವರಿಗೆ ಇಲ್ಲಿ ಹಸಿವು ಹಿಂಗುವುದಿಲ್ಲ. ಚಿತ್ರದ ಗಾತ್ರವೂ ಒಂದು ಪುಸ್ತಕದ ಪುಟದಷ್ಟೇ. ಒಂದನ್ನೇ ದೊಡ್ಡ ಗೋಡೆಗೆ ಹಾಕಿದರೆ ಸ್ಟಾಂಪ್ ಅಂಟಿಸಿದ ಹಾಗೆ ಕಾಣುತ್ತದೆ. ಆರೋ ಒಂಬತ್ತೋ ಸಾಲಾಗಿ ಹಾಕಿದರೆ ಚೆಂದ.

ರಿಪೆತ್ತಾ ಘಾಟಿನಲ್ಲಿ ವಾಸಿ, ಪಿರನೇಸಿ

ರೋಮ್‌ಗೆ ಬಂದರೆ ಜಗಳ ಇಬ್ಬರ ನಡುವೆ. ಜುಸೆಪ್ಪೆ ವಾಸಿ (1710–1782) ಸಿಸಿಲಿಯ ಕೊರ್ಲಿಯೋನೆ ಊರಿನವನು. 1747ರಿಂದ 1761ರವರೆಗೆ ಹತ್ತು ಸಂಪುಟಗಳಲ್ಲಿ ರೋಮ್ ನಗರವನ್ನು ಎಚಿಂಗ್ ಮಾಡಿ ಮುಗಿಸಿದ. ಕೋಟೆ ಬಾಗಿಲುಗಳಿಗೆ ಒಂದು ಸಂಪುಟ, ಚೌಕಗಳಿಗೆ ಒಂದು, ಅರಮನೆ ಬೀದಿಗಳಿಗೆ ಒಂದು, ಟೈಬರ್ ನದಿಯ ಸೇತುವೆ–ದಂಡೆಗಳಿಗೆ ಒಂದು, ಕಾಲೇಜು ಆಸ್ಪತ್ರೆಗಳಿಗೆ ಒಂದು. ಎಲ್ಲ ಸೇರಿ ಸುಮಾರು 240 ಚಿತ್ರ. ಶಾನುಭೋಗರ ಕಡತದ ಹಾಗೆ, ಒಂದನ್ನೂ ಬಿಟ್ಟಿಲ್ಲ. ಸಾಲದ್ದಕ್ಕೆ 1763ರಲ್ಲಿ ಎಂಟು ದಿನದಲ್ಲಿ ರೋಮ್ ನೋಡುವುದು ಹೇಗೆ ಅಂತ ಯಾತ್ರಿಕರಿಗೆ ಕೈಪಿಡಿಯನ್ನೂ ಬರೆದ.

ಜೊವಾನ್ನಿ ಬಟ್ಟಿಸ್ಟಾ ಪಿರನೇಸಿ (1720–1778) ವೆನಿಸ್ ಕಡೆಯವನು. 1740ರಲ್ಲಿ ರೋಮ್‌ಗೆ ಬಂದು ವಾಸಿಯ ಹತ್ತಿರವೇ ಸ್ವಲ್ಪ ಕಾಲ ಎಚಿಂಗ್ ಕಲಿತ. ನೀನು ಪೇಂಟರ್ ಜಾಸ್ತಿ, ತಗಡಿನ ಕೆಲಸಗಾರ ಆಗಲಾರೆ ಅಂತ ವಾಸಿ ಹೇಳಿದ ಅನ್ನುವ ಕಥೆ ಇದೆ. ಶಿಷ್ಯ ಕೇಳಲಿಲ್ಲ. ಅವನ ರೋಮ್ ನೋಟಗಳು ಕೊನೆಗೆ 135 ಆದವು, ಗುರುವಿನ ಹೆಸರು ಮಂಕಾಯಿತು.

ಇಬ್ಬರಲ್ಲಿ ಯಾರು ಅಂತ ತೀರ್ಮಾನಿಸಲು ನನಗೆ ಸಿಕ್ಕ ಒಳ್ಳೆ ದಾರಿ ಎಂದರೆ ಇಬ್ಬರೂ ಬರೆದಿರುವ ಒಂದೇ ಜಾಗ ಹಿಡಿಯುವುದು. ರಿಪೆತ್ತಾ ಘಾಟ್ ಅಂಥ ಜಾಗ. ಟೈಬರ್ ದಂಡೆಯಲ್ಲಿ 1704ರಲ್ಲಿ ಅಲೆಸ್ಸಾಂಡ್ರೊ ಸ್ಪೆಕ್ಕಿ ಕಟ್ಟಿದ ದೋಣಿಗಟ್ಟೆ ಅದು. ಹಿಂದಿನ ವರ್ಷ ಭೂಕಂಪದಲ್ಲಿ ಕೊಲೋಸಿಯಮ್‌ನಿಂದ ಉದುರಿದ ಕಲ್ಲುಗಳನ್ನೇ ಇದಕ್ಕೆ ಬಳಸಿದರು. ಸೀರೆಯ ನೆರಿಗೆ ಹರಡಿದ ಹಾಗೆ ಮೆಟ್ಟಿಲುಗಳು ಬಾಗುತ್ತ ನೀರಿಗೆ ಇಳಿಯುತ್ತವೆ. ನದಿಯ ಮೇಲ್ಗಡೆಯ ಊರುಗಳಿಂದ ವೈನ್ ಪೀಪಾಯಿ, ಸೌದೆ, ಧಾನ್ಯ ಹೊತ್ತ ದೋಣಿಗಳು ಇಲ್ಲಿ ಬಂದು ನಿಲ್ಲುತ್ತಿದ್ದವು. ಈಗ ಆ ಘಾಟ್ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ರವಾಹ ತಡೆಯುವ ಗೋಡೆ ಕಟ್ಟುವಾಗ ಅದು ಹೋಯಿತು. ಹಾಗಾಗಿ ಇವತ್ತು ಅದನ್ನು ನೋಡಬೇಕಾದರೆ ಇಂಥ ಚಿತ್ರಗಳೇ ಗತಿ.

ವಾಸಿಯ ಚಿತ್ರ ನೋಡಿದರೆ ಘಾಟ್ ಹೇಗೆ ನಡೆಯುತ್ತಿತ್ತು ಅಂತ ತಿಳಿಯುತ್ತದೆ. ಯಾವುದು ಎಲ್ಲಿತ್ತು ಅನ್ನುವುದಕ್ಕೆ ಕೆಳಗೆ ನಂಬರ್ ಹಾಕಿ ಹೆಸರು ಕೊಟ್ಟಿದ್ದಾನೆ. ಜನ ಅವರವರ ಪಾಡಿಗೆ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಒಬ್ಬರೂ ನಿಮ್ಮ ಕಡೆ ನೋಡುವುದಿಲ್ಲ. ಪಿರನೇಸಿ ಅದೇ ಘಾಟನ್ನು ದೋಣಿಗಳ ಪಕ್ಕಕ್ಕೇ ಬಂದು ನೋಡುತ್ತಾನೆ. ನೆರಳು ಕಪ್ಪಗೆ ದಟ್ಟೈಸುತ್ತದೆ, ಮೆಟ್ಟಿಲು ಅಲೆಯ ಹಾಗೆ ಹೊರಳುತ್ತದೆ. ಉಸಿರು ಬಿಗಿಹಿಡಿದು ನೋಡುತ್ತೀರಿ, ಆದರೆ ನೋಡುವುದು ಪಿರನೇಸಿಯನ್ನು. ವಾಸಿಯಲ್ಲಿ ನೋಡುವುದು ರಿಪೆತ್ತಾ. ನನ್ನ ಮಟ್ಟಿಗೆ ವ್ಯತ್ಯಾಸ ಅಷ್ಟೇ.

ನಂಬಿಕೆಯ ವಿಷಯಕ್ಕೆ ಬಂದರೆ ಪಿರನೇಸಿ ಸ್ವಲ್ಪ ಕೈಕೊಡುತ್ತಾನೆ. ಕಟ್ಟಡ ದೊಡ್ಡದು ಕಾಣಲಿ ಅಂತ ಜನರನ್ನು ಕುಗ್ಗಿಸುತ್ತಾನೆ. ಅವನ ಚಿತ್ರಗಳಲ್ಲಿ ಕಂಡ ಸ್ನಾನಗೃಹಗಳ ಅವಶೇಷಗಳನ್ನು ಆಮೇಲೆ ರೋಮ್‌ಗೆ ಬಂದು ಕಣ್ಣಾರೆ ನೋಡಿದ ಜರ್ಮನ್ ಕವಿ ಗಯಟೆಗೆ ನಿರಾಸೆಯಾಗಿತ್ತು. ಪಿರನೇಸಿಯ ಜನ ಕೆಲಸ ಮಾಡುವುದಕ್ಕಿಂತ ಕೈ ಬೀಸಿ ಏನನ್ನೋ ತೋರಿಸುವುದೇ ಜಾಸ್ತಿ. ಚಿಂದಿ ಬಟ್ಟೆ, ಕಡ್ಡಿ ಕೈಕಾಲು, ಒಂಥರಾ ಗಾಳಿಗೆ ಅಲ್ಲಾಡುವ ಬೆದರುಬೊಂಬೆಗಳು.

ಹಾಗಂತ ಅವನನ್ನು ಪೂರ್ತಿ ಬಿಡಲಾರೆ. ಕ್ಯಾಂಪೊ ವಾಚ್ಚಿನೊ ಚಿತ್ರಗಳನ್ನು ನೋಡಿ. ಹೆಸರಿನ ಅರ್ಥವೇ ದನದ ಬಯಲು. ಒಂದು ಕಾಲಕ್ಕೆ ಸಾಮ್ರಾಜ್ಯದ ನಡುಮನೆಯಾಗಿದ್ದ ರೋಮನ್ ಫೋರಮ್, ಹದಿನೆಂಟನೇ ಶತಮಾನದಲ್ಲಿ ದನದ ಸಂತೆಯ ಜಾಗ. ಅರ್ಧ ಹೂತ ಕಂಬಗಳ ನಡುವೆ ಎತ್ತು, ಗಾಡಿ, ಮರದ ನೆರಳಲ್ಲಿ ಕಾಲು ಚಾಚಿದವರು. ಅಲ್ಲಿ ದನಗಳು ನೀರು ಕುಡಿಯುತ್ತಿದ್ದ ದೊಡ್ಡ ದುಂಡನೆ ಗ್ರಾನೈಟ್ ಬಾನಿಯೊಂದಿತ್ತು. 1818ರಲ್ಲಿ ಅದನ್ನು ಎತ್ತಿಕೊಂಡು ಹೋಗಿ ಕ್ವಿರಿನಾಲೆ ಅರಮನೆಯ ಎದುರಿನ ಕಾರಂಜಿಗೆ ಕೂಡಿಸಿದರು, ಈಗಲೂ ಅಲ್ಲೇ ಇದೆ. ರೋಮ್‌ಗೆ ಹೋಗುವವರು ಚಿತ್ರ ನೋಡಿಕೊಂಡು ಹೋಗಿ ಆ ಬಾನಿ ಹುಡುಕಿ. ಪ್ರವಾಸದಲ್ಲಿ ಅರ್ಧ ಗಂಟೆ ಒಳ್ಳೆ ರೀತಿ ಕಳೆಯುತ್ತದೆ.

ಗಾತ್ರದ ಲೆಕ್ಕದಲ್ಲಿ ಇಬ್ಬರೂ ತದ್ವಿರುದ್ಧ. ವಾಸಿಯ ಚಿತ್ರ ಹೆಚ್ಚುಕಡಿಮೆ 20 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ. ಕೈಯಲ್ಲಿ ಹಿಡಿದು, ಮೂಗು ತಾಗಿಸಿ ನೋಡುವಂಥದ್ದು. ಪಿರನೇಸಿಯದು 40ರಿಂದ 47 ಎತ್ತರ, 60ರಿಂದ 70 ಸೆಂ.ಮೀ. ಅಗಲ. ಅದು ಹುಟ್ಟಿದ್ದೇ ಗೋಡೆಗೆ, ಊರಿಗೆ ವಾಪಸ್ ಹೋಗುವ ಇಂಗ್ಲಿಷ್ ಶ್ರೀಮಂತರ ಗೋಡೆಗೆ.

ಕನಲೆಟ್ಟೊ: ಕಡಿಮೆ, ಆದರೆ ಗಾಳಿ ಬೆಳಕು ಜಾಸ್ತಿ

ಜೊವಾನ್ನಿ ಅಂತೋನಿಯೊ ಕನಾಲ್ (1697–1768), ಎಲ್ಲರಿಗೂ ಗೊತ್ತಿರುವ ಹೆಸರು ಕನಲೆಟ್ಟೊ. ತೈಲಚಿತ್ರಗಳಿಂದ ಹೆಸರು ಮಾಡಿದವನು, ಎಚಿಂಗ್ ಮಾಡಿದ್ದು ಬರೀ ಮೂವತ್ತರ ಆಸುಪಾಸು. ಮಾಲೆಯನ್ನು ವೆನಿಸ್‌ನಲ್ಲಿದ್ದ ಜೋಸೆಫ್ ಸ್ಮಿತ್‌ಗೆ ಅರ್ಪಿಸಿದ್ದಾನೆ. 1744ರಲ್ಲಿ ಬ್ರಿಟಿಷ್ ಕಾನ್ಸಲ್ ಆದವನು ಈ ಸ್ಮಿತ್. ನಂಬಿಕೆಯ ವಿಚಾರದಲ್ಲಿ ಕನಲೆಟ್ಟೊ ಪ್ರಾಮಾಣಿಕ. ಕೆಲವು ಸ್ಥಳದಲ್ಲೇ ಕಂಡವು, ಕೆಲವು ಮನಸ್ಸಿನಲ್ಲಿ ಹುಟ್ಟಿದವು ಅಂತ ಶೀರ್ಷಿಕೆಯಲ್ಲೇ ಹೇಳಿಬಿಟ್ಟಿದ್ದಾನೆ. ಯಾವುದು ಯಾವುದು ಅಂತ ಪತ್ತೆ ಮಾಡುವುದು ನಮ್ಮ ತಲೆನೋವು.

ವೆನಿಸ್‌ನ ದೊಡ್ಡ ದೊಡ್ಡ ಕಟ್ಟಡಗಳನ್ನು ಇಲ್ಲಿ ಹುಡುಕಬೇಡಿ. ಅವನ ಎಚಿಂಗ್‌ಗಳಲ್ಲಿ ಒಳ್ಳೆಯವು ಊರಾಚೆಯವು. ಮೆಸ್ತ್ರೆ, ಪಾಡುವಾ, ಬ್ರೆಂಟಾ ಕಾಲುವೆಯ ಮೇಲಿನ ದೋಲೊ. ಪಾಡುವಾದಿಂದ ವೆನಿಸ್‌ಗೆ ದೋಣಿಯಲ್ಲಿ ಹೋಗುವವರು ದೋಲೊದ ತೂಬಿನ ಬಾಗಿಲು ದಾಟಬೇಕು. ನೀರಿನ ಮಟ್ಟ ಸರಿಯಾಗುವವರೆಗೆ ಕಾಯಬೇಕು. ಆ ಕಾಯುವಿಕೆ ಇಡೀ ಚಿತ್ರದಲ್ಲಿ ತುಂಬಿಕೊಂಡಿದೆ. ಯಾರಿಗೂ ಅವಸರವಿಲ್ಲ. ಬಸ್‌ಸ್ಟ್ಯಾಂಡ್‌ನಲ್ಲಿ ಎರಡು ಗಂಟೆ ಕೂತವರಿಗೆ ಗೊತ್ತಿರುತ್ತದಲ್ಲ, ಅದೇ ಭಾವ. ವೆನಿಸ್ ಒಳಗಿನವುಗಳಲ್ಲಿ ಮೋಲೊ ದಂಡೆಯ ಸಂತೆ ನೋಡಿ. ಡೇರೆ ಬಟ್ಟೆ, ಕೊಂಡುಕೊಳ್ಳುವವರು, ಮಾರುವವರು ಇದ್ದಾರೆ.

ಅವನ ಗೆರೆ ಬೇರೆಯವರ ಹಾಗಲ್ಲ. ನೆರಳಿಗೆ ಅಡ್ಡ–ಉದ್ದ ಗೀಚುವುದು ಕಮ್ಮಿ. ಒಂದರ ಪಕ್ಕ ಒಂದು, ಚೂರು ನಡುಗುವ ಗೆರೆಗಳನ್ನು ಎಳೆಯುತ್ತಾನೆ. ಸ್ವಲ್ಪ ದೂರದಿಂದ ನೋಡಿದರೆ ಬಿಸಿಲಿನ ಝಳ ಕಂಡ ಹಾಗೆ. ಪೆನ್ನಿನಲ್ಲಿ ಸ್ಕೆಚ್ ಮಾಡುವವರಿಗೆ ನನ್ನ ಸಲಹೆ ಇದೊಂದೇ: ಪಿರನೇಸಿಯನ್ನು ನಕಲು ಮಾಡಲು ಹೋಗಬೇಡಿ, ಕೈ ಸೋಲುತ್ತದೆ. ಕನಲೆಟ್ಟೊನ ಒಂದು ಆಕಾಶ ನಕಲು ಮಾಡಿ.

ಕೊರತೆಯೂ ಇದೆ. ಅವನ ಜನ ಬೆಳಕಿನಲ್ಲಿ ಕರಗಿದ ಜನ. ಯಾರ ಕಸುಬು ಏನು, ಬುಟ್ಟಿಯಲ್ಲಿ ಏನಿದೆ ಅಂತ ಹೇಳುವುದು ಕಷ್ಟ. ಪಾಠ ಮಾಡುವವರಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಉಳಿದವರು

ಫ್ಲಾರೆನ್ಸ್ ಬೇಕು ಅನ್ನುವವರಿಗೆ ಜುಸೆಪ್ಪೆ ಜೊಕ್ಕಿಯ 1744ರ ಮಾಲೆ, 24 ನೋಟಗಳು. ಗೆರೆ ಚಿತ್ರ ಬರೆದವನು ಅವನು, ಬರೆಸಿದವನು ಮಾರ್ಕ್ವಿಸ್ ಜೆರೀನಿ, ತಗಡು ಕೊರೆದವರು ಬೇರೆ ಬೇರೆಯವರು. ಹಾಗಾಗಿ ಕೈ ಒಂದೇ ಸಮನಿಲ್ಲ. ದೊಡ್ಡ ಗಾತ್ರ, ಪಿರನೇಸಿಯಷ್ಟೇ. ಚೌಕಗಳಲ್ಲಿ ಕುದುರೆ ಗಾಡಿ, ನಾಯಿ, ಮೆರವಣಿಗೆ ಎಲ್ಲ ಇವೆ, ಆದರೆ ಊರು ಹಬ್ಬದ ದಿನ ತೊಳೆದು ರಂಗೋಲಿ ಹಾಕಿದ ಹಾಗಿದೆ. ಮಂಗಳವಾರದ ಮಧ್ಯಾಹ್ನ ಹುಡುಕಿದರೆ ಸಿಗುವುದು ಕಷ್ಟ. ಗೋಡೆಗೆ ಮಾತ್ರ ಬಲು ಚೆಂದ. ಅವನ ಮೂಲ ಗೆರೆ ಚಿತ್ರಗಳು ನ್ಯೂಯಾರ್ಕ್‌ನ ಮಾರ್ಗನ್ ಲೈಬ್ರರಿಯಲ್ಲಿವೆ.

ವೆನಿಸ್‌ನಲ್ಲಿ ಕಾರ್ಲೆವಾರಿಸ್ 1703ರಲ್ಲೇ ನೂರಕ್ಕೂ ಹೆಚ್ಚು ನೋಟ ತಂದು ಉಳಿದವರಿಗೆ ದಾರಿ ಹಾಕಿಕೊಟ್ಟ. ಕಟ್ಟಡದ ದಾಖಲೆ ಅಂತ ನೋಡಿ, ಜನರಿಗಾಗಿ ಬೇಡ. ವಿಸೆಂಟೀನಿಯ 1735ರ ಗ್ರ್ಯಾಂಡ್ ಕೆನಾಲ್ ಮಾಲೆ ಕನಲೆಟ್ಟೊನ ತೈಲಚಿತ್ರಗಳ ನಕಲು, ಅಚ್ಚುಕಟ್ಟು, ಸ್ವಲ್ಪ ಸಪ್ಪೆ. ಮರಿಯೆಸ್ಕಿಯ 1741ರ 21 ನೋಟಗಳು ಇವೆರಡಕ್ಕಿಂತ ಚುರುಕು. ಮೊಬೈಲ್‌ನ ವೈಡ್ ಆ್ಯಂಗಲ್‌ನಲ್ಲಿ ತೆಗೆದ ಹಾಗೆ ಇಡೀ ಕಾಲುವೆ ಎಳೆದು ಹಿಗ್ಗಿಸಿರುತ್ತಾನೆ, ದೋಣಿಗಳು ಮುಂದಕ್ಕೇ ನುಗ್ಗಿ ಬರುತ್ತವೆ. ನೇಪಲ್ಸ್‌ಗಾಗಿ ಪಿಯೆತ್ರೊ ಫಾಬ್ರಿಸ್‌ನ 1773ರ ಉಡುಪು–ಕಸುಬು ಮಾಲೆ ಇದೆ. ಜೊಂಪೀನಿ ಹಿಡಿಸಿದವರು ಮುಂದಿನ ಹೆಜ್ಜೆ ಅಲ್ಲಿಡಬಹುದು.

ದುಡ್ಡಿನ ಮಾತು

ಕಾಸಿಲ್ಲದೆ ನೋಡುವುದಾದರೆ ಭಾಗ್ಯ ನಮ್ಮದೇ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ, ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ತಮ್ಮ ಹಳೇ ಅಚ್ಚುಗಳ ದೊಡ್ಡ ಫೈಲ್‌ಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಡುತ್ತವೆ. ವಾಸಿ ಹಿಡಿಸಿದವರು ಒರೆಗಾನ್ ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡಲೇಬೇಕು. ನೊಲ್ಲಿ ಎಂಬಾತ 1748ರಲ್ಲಿ ಮಾಡಿದ ರೋಮ್ ನಕ್ಷೆಯ ಜೊತೆಗೆ ವಾಸಿಯ ಚಿತ್ರಗಳನ್ನು ಜೋಡಿಸಿಟ್ಟಿದ್ದಾರೆ. ಅವನು ನಿಂತ ಜಾಗ ನಕ್ಷೆಯಲ್ಲೇ ಸಿಗುತ್ತದೆ. ಒಂದು ಭಾನುವಾರ ಹೋದದ್ದೇ ಗೊತ್ತಾಗುವುದಿಲ್ಲ.

ಪ್ರಿಂಟ್ ಹಾಕಿಸುವುದಾದರೆ ನನ್ನ ಮಸಿಬಟ್ಟೆ ನೆನೆಸಿಕೊಳ್ಳಿ. ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿದರೆ, ಪಿರನೇಸಿಯ 60 ಸೆಂ.ಮೀ. ಅಗಲಕ್ಕೆ ಸುಮಾರು 7,000 ಪಿಕ್ಸೆಲ್ ಅಗಲದ ಫೈಲ್ ಬೇಕು. ವಾಸಿಯ 30 ಸೆಂ.ಮೀ.ಗೆ 3,500 ಸಾಕು, ಎ3 ಕಾಗದದಲ್ಲಿ ಅಂಚು ಬಿಟ್ಟು ಕೂರುತ್ತದೆ. ಮೂಲ ಗಾತ್ರಕ್ಕಿಂತ ದೊಡ್ಡದು ಮಾಡಿಸಬೇಡಿ. ಕ್ಯಾನ್ವಾಸ್ ಬೇಡವೇ ಬೇಡ, ನೇಯ್ಗೆ ಗೆರೆಗಳನ್ನು ನುಂಗುತ್ತದೆ. ಹೊಳಪಿಲ್ಲದ ದಪ್ಪ ಕಾಗದ ಕೇಳಿ. ಅಂಗಡಿಯವರು ಕಾಂಟ್ರಾಸ್ಟ್ ಏರಿಸಿಕೊಡಲಾ ಅಂದರೆ ಬೇಡ ಅನ್ನಿ. ಹಳೇ ಕಾಗದದ ಹಳದಿ ಛಾಯೆ ಹಾಗೇ ಇರಲಿ.

ಅಸಲಿ ಅಚ್ಚೇ ಬೇಕು ಅನ್ನುವವರಿಗೆ ಆ ಸವೆತದ ವಿಷಯ. ಪಿರನೇಸಿ ಸತ್ತ ಮೇಲೂ ತಗಡುಗಳಿಗೆ ಬಿಡುವು ಸಿಗಲಿಲ್ಲ. ಮಕ್ಕಳು ಅವನ್ನು ಪ್ಯಾರಿಸ್‌ಗೆ ಒಯ್ದು ಅಲ್ಲಿ ಅಚ್ಚು ಹಾಕಿದರು. ಆಮೇಲೆ ಫರ್ಮಿನ್ ದಿದೊ ಮುದ್ರಣಾಲಯ ಹಾಕಿತು. ಕೊನೆಗೆ ಪೋಪ್ ಸರ್ಕಾರ ಕೊಂಡು ರೋಮ್‌ಗೆ ತಂದಿತು, ಅಲ್ಲೂ ಹಾಕಿದರು. ತಗಡುಗಳು ಈಗಲೂ ರೋಮ್‌ನಲ್ಲೇ ಇವೆ. ಹಾಗಾಗಿ 'ಅಸಲಿ ಪಿರನೇಸಿ' ಅಂದರೆ ಅವನ ಕೈಯಿಂದ ಹೊರಟದ್ದೂ ಆಗಬಹುದು, ಅವನು ಸತ್ತು ಅರವತ್ತು ವರ್ಷದ ಮೇಲಿನದ್ದೂ ಆಗಬಹುದು. ಬೆಲೆಯಲ್ಲಿ ಅಜಗಜಾಂತರ. ಅವನ ಕಾಲದ ಎಷ್ಟೋ ಅಚ್ಚುಗಳ ಕೆಳಗೆ ಮನೆ ವಿಳಾಸವೂ ಎರಡೂವರೆ ಪಾವೊಲಿ (ಆಗಿನ ರೋಮ್‌ನ ನಾಣ್ಯ) ಅನ್ನುವ ಬೆಲೆಯೂ ಇರುತ್ತವೆ. 1922ರಲ್ಲಿ ಆರ್ಥರ್ ಹಿಂಡ್ ಮಾಡಿದ ಪಟ್ಟಿಯಲ್ಲಿ ಪ್ರತಿ ಚಿತ್ರಕ್ಕೂ ನಂಬರ್, ಅದರ ಬೇರೆ ಬೇರೆ ಹಂತಗಳು (ತಗಡನ್ನು ತಿದ್ದಿದಾಗಲೆಲ್ಲ ಒಂದೊಂದು ಹಂತ) ಇವೆ. ಮಾರುವವರನ್ನು 'ಹಿಂಡ್ ನಂಬರ್ ಎಷ್ಟು, ಯಾವ ಹಂತ' ಅಂತ ಕೇಳಿ. ತಡವರಿಸಿದರೆ ಮುಂದಿನ ಅಂಗಡಿ ನೋಡಿ.

ಹತ್ತು ಪಟ್ಟಿನ ಭೂತಗನ್ನಡಿ ಜೇಬಿನಲ್ಲಿರಲಿ. ಗೆರೆ ಗೆರೆಯಾಗೇ ಕಂಡರೆ ಸರಿ, ಚುಕ್ಕಿ ಚುಕ್ಕಿ ಕಂಡರೆ ಅದು ಫೋಟೊ ಮುದ್ರಣ. ಅಂಚಿನಲ್ಲಿ ತಗಡು ಒತ್ತಿದ ಗುರುತು ಇರಬೇಕು, ಆದರೆ ಅದೊಂದನ್ನೇ ನಂಬಬೇಡಿ, ನಕಲಿಗೂ ಒತ್ತುತ್ತಾರೆ. ನಡುವೆ ಮಡಿಕೆ ಇದ್ದರೆ ಗಾಬರಿ ಬೇಡ, ಸಂಪುಟದಿಂದ ಬಿಡಿಸಿದ ಹಾಳೆಗಳಿಗೆ ಅದು ಸಹಜ. ಬಣ್ಣ ಹಚ್ಚಿದ್ದು ಕಂಡರೆ ಯಾವಾಗ ಹಚ್ಚಿದ್ದು ಅಂತ ಕೇಳಿ, ಎಷ್ಟೋ ಸಲ ಮೊನ್ನೆ ಮೊನ್ನೆಯದು. ನಾನು ಹರಾಜಿನ ಪಟ್ಟಿಗಳಲ್ಲಿ ಕಂಡ ಮಟ್ಟಿಗೆ ಕೈಗೆಟುಕುವವನು ವಾಸಿ. ಕನಲೆಟ್ಟೊನ ಹಳೇ ಅಚ್ಚು ನಮ್ಮಂಥವರ ಮಾತಲ್ಲ. ಜೊಂಪೀನಿ ಬಿಡಿ ಹಾಳೆಯಾಗಿ ಸಿಕ್ಕರೆ ಪರವಾಗಿಲ್ಲ. ಅವನು ಸತ್ತ ಮೇಲೆ 1785ರಲ್ಲಿ ಜಾನ್ ಸ್ಟ್ರೇಂಜ್ ಅನ್ನುವ ಇಂಗ್ಲಿಷಿನವನು ಮತ್ತೆ ಅಚ್ಚು ಹಾಕಿಸಿದ್ದರಿಂದ, ಯಾವ ಮುದ್ರಣದ್ದು ಅಂತ ವಿಚಾರಿಸಿ. ಮನೆಗೆ ತಂದ ಮೇಲೆ ನಮ್ಮ ಮಳೆಗಾಲದ ಥಂಡಿ ಗೋಡೆಗೆ ಹಾಕಬೇಡಿ, ಕಂದು ಚುಕ್ಕಿ ಏಳುತ್ತದೆ. ನೇರ ಬಿಸಿಲೂ ಬೇಡ. ಆಸಿಡ್ ಇಲ್ಲದ ಮೌಂಟ್ ಹಾಕಿಸಿ.

ಹಾಗಾದರೆ ಯಾರಿಗೆ ಯಾವುದು?

ಮೇಷ್ಟ್ರು, ಕಥೆ ಬರೆಯುವವರು, ನಾಟಕಕ್ಕೆ ವೇಷಭೂಷಣ ಮಾಡುವವರು ಕಣ್ಣು ಮುಚ್ಚಿ ಜೊಂಪೀನಿ ಹಿಡಿಯಿರಿ. ರೋಮ್‌ಗೆ ಟಿಕೆಟ್ ಬುಕ್ ಆಗಿದ್ದರೆ ವಾಸಿ. ಮೊಬೈಲ್‌ನಲ್ಲಿ ಇಪ್ಪತ್ತು ಚಿತ್ರ ಇಟ್ಟುಕೊಂಡು ಹೋಗಿ, ಅವನು ನಿಂತಲ್ಲೇ ನಿಲ್ಲಿ. ಚಿತ್ರ ಕಲಿಯುವವರಿಗೆ ಕನಲೆಟ್ಟೊ. ಹಾಲ್‌ನಲ್ಲಿ ಒಂದೇ ಒಂದು ದೊಡ್ಡದು ಬೇಕು, ಬಂದವರು ನಿಂತು ನೋಡಬೇಕು ಅನ್ನುವವರಿಗೆ ಪಿರನೇಸಿ, ಆದರೆ ಕ್ಯಾಂಪೊ ವಾಚ್ಚಿನೊ ಥರದ್ದು, ಬರೀ ಕಲ್ಲಿನದ್ದಲ್ಲ. ಮನೆಯವರು ಕಪ್ಪು ಜಾಸ್ತಿಯಾಯಿತು ಅಂದರೆ ಜೊಕ್ಕಿ, ಅವನಲ್ಲಿ ಆಕಾಶ ದೊಡ್ಡದು.

ಜೊಂಪೀನಿಗೂ ವಾಸಿಗೂ ನಡುವೆ ತೂಗಾಡುತ್ತಿದ್ದರೆ ಹೀಗೆ ಕೇಳಿಕೊಳ್ಳಿ: ಒಬ್ಬ ಮನುಷ್ಯನ ಹಿಂದೆ ಹೋಗುವುದು ಇಷ್ಟವಾ, ಒಂದು ಜಾಗದಲ್ಲಿ ಕೂತು ಬಂದುಹೋಗುವವರನ್ನು ನೋಡುವುದು ಇಷ್ಟವಾ? ನಾನು ಎರಡನೇ ಜಾತಿಯವನು. ಮಸಿಬಟ್ಟೆ ಈಗ ಅಟ್ಟದ ಮೇಲಿದೆ. ಅದರ ಮೊಳೆಗೆ ವಾಸಿಯ ರಿಪೆತ್ತಾ ನೇತುಹಾಕಿದ್ದೇನೆ, ಎ3 ಕಾಗದದಲ್ಲಿ. ಅಷ್ಟು ದೊಡ್ಡ ಗೋಡೆಗೆ ಅದು ಚಿಕ್ಕದು, ನಿಜ. ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಕೂರುತ್ತೇನೆ.